ಗಿರಾಕಿಯಿಲ್ಲದ ರೊಟ್ಟಿ

ರೊಟ್ಟಿ ಯಂತ್ರವನ್ನು ನಡೆಸುವ ಒಳಬರಹ, ಅಂದರೆ ಅದರ ಪ್ರೋಗ್ರಾಂ, ಬದಲಾದಾಗಲೆಲ್ಲ ಅದರ ಹೊಟ್ಟೆಯಿಂದ ಒಂದು ಚೀಟಿ ಹೊರಬರುತ್ತಿತ್ತು; ಏನು ಬದಲಾಯಿತು, ಏಕೆ ಎಂಬುದನ್ನು ಯಂತ್ರವೇ ಬರೆಯುತ್ತಿತ್ತು. ಹುಬ್ಬಳ್ಳಿಯ ಖಾನಾವಳಿಗಳಲ್ಲಿ ಯಾರೂ ಅದನ್ನು ಓದುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿ ಮೊಳೆಗೆ ಚುಚ್ಚಿಬಿಡುತ್ತಿದ್ದರು. ಅಂಥದೊಂದು ಖಾನಾವಳಿ ನಡೆಸುತ್ತಿದ್ದ ಬಸಲಿಂಗವ್ವ ಮಾತ್ರ ಓದಿದಳು.

'ಒಂದು ಸಾಲು ತೆಗೆಯಲಾಗಿದೆ. ಕಾರಣ: ಗಿರಾಕಿಯಿಲ್ಲದ ರೊಟ್ಟಿ.'

ದಿನದ ಮೊದಲ ರೊಟ್ಟಿಯನ್ನು ಹಸಿದು ಬಂದವರಿಗೆಂದು ಬಾಗಿಲ ಬಳಿ ಎತ್ತಿಡುವುದು ಅವಳ ಅತ್ತೆಯ ಕಾಲದಿಂದ ಬಂದ ಪದ್ಧತಿ. ಯಂತ್ರ ಕೊಟ್ಟ ಕಂಪನಿ ತೆಗೆದದ್ದು ಆ ರೊಟ್ಟಿಯ ಸಾಲನ್ನೇ.

"ಆ ಸಾಲು ತಿರುಗಿ ಹಾಕು," ಎಂದಳು ರಿಪೇರಿಗೆ ಬಂದಿದ್ದ ಮೌನೇಶನಿಗೆ.

"ಕಂಪನಿಯವ್ರು ಒಪ್ಪೂದಿಲ್ರಿ ಅವ್ವಾರ. ಯಂತ್ರಾನ ಒಯ್ದಬಿಡ್ತಾರ."

"ಒಯ್ಲಿ ಬಿಡೋ! ರೊಟ್ಟಿ ಬಡಿಯಾಕ ನನ್ನ ಕೈ ಎರಡೂ ಗಟ್ಟಿ ಅದಾವ. ಹಾಕಂದ್ರ ಹಾಕು."

ಅವನು ಹಾಕಿದ. ಯಂತ್ರ ಹೊಸ ಚೀಟಿ ಉಗುಳಿತು: 'ಒಂದು ಸಾಲು ಸೇರಿಸಲಾಗಿದೆ. ಕಾರಣ: ಸಿಗಲಿಲ್ಲ.'

ಬಸಲಿಂಗವ್ವ ಮೌನೇಶನ ಜೇಬಿನ ಪೆನ್ನು ಕಿತ್ತುಕೊಂಡು ಆ ಕೊನೆಯ ಮಾತನ್ನು ಹೊಡೆದುಹಾಕಿದಳು. ಪಕ್ಕದಲ್ಲಿ ದಪ್ಪಕ್ಷರದಲ್ಲಿ ಬರೆದಳು: 'ಹಸಿವು.' ಕೆಳಗೆ ಹೆಬ್ಬೆಟ್ಟು ಒತ್ತಿದಳು. ಆಮೇಲೆ ಚೀಟಿಯನ್ನು ಮೊಳೆಗೆ ಚುಚ್ಚಲಿಲ್ಲ. ನಾದಿದ ಹಿಟ್ಟು ಮೆತ್ತಿ, ಇಡೀ ಬೀದಿಗೆ ಕಾಣುವಂತೆ ಬಾಗಿಲಿಗೆ ಅಂಟಿಸಿದಳು.