ಕಪ್ಪಾದ ಬಿಲ್ಲು

ಆಕೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಕೌಂಟರಿನ ಮೇಲಿಟ್ಟ ಬಿಲ್ಲು ಕಾಡಿಗೆ ಬಳಿದಂತೆ ಕಪ್ಪಾಗಿತ್ತು. ಸಾಲಿನಲ್ಲಿ ನಿಂತಿದ್ದವರು ಕಿಸಕ್ಕನೆ ನಕ್ಕರು.

“ಜೋಪಾನವಾಗಿರ್ಲಿ ಅಂತ ಲ್ಯಾಮಿನೇಷನ್ ಮಾಡಿಸ್ದೆ ಅಣ್ಣ. ಅದರ ಬಿಸಿಗೆ ಹಿಂಗಾಗ್ಹೋಯ್ತು. ಆದ್ರೆ ಮೂರು ವರ್ಷದ ವಾರಂಟಿ ತಗೊಂಡಿದ್ದಂತೂ ನಿಜ,” ಎಂದಳು. ವಾಷಿಂಗ್ ಮೆಷಿನ್ ಕೆಟ್ಟು ಎಂಟು ದಿನವಾಗಿತ್ತು. ಹಾಸಿಗೆ ಹಿಡಿದ ಅತ್ತೆಯ ಬಟ್ಟೆಗಳನ್ನು ಕೈಯಲ್ಲೇ ಒಗೆದೊಗೆದು ಬೆರಳ ತುದಿಗಳೆಲ್ಲ ಸುಕ್ಕುಗಟ್ಟಿದ್ದವು.

ಗುಮಾಸ್ತ ಆಗಲೇ ಎರಡು ಸಲ ಆಕೆಯ ಫೋನ್ ನಂಬರು ಹಾಕಿ ಕಂಪ್ಯೂಟರಿನಲ್ಲಿ ಹುಡುಕಿದ್ದ. “ಇಲ್ಲಿ ಒಂದೇ ವರ್ಷ ಅಂತಿದೆ ಅಕ್ಕ, ಅದೂ ಮುಗ್ದಿದೆ. ನಾನೇನ್ ಮಾಡ್ಲಿ?” ಎನ್ನುತ್ತ ಬಿಲ್ಲನ್ನು ಹಿಂದಿರುಗಿಸಲು ಎತ್ತಿದಾಗ ಅದರ ಬೆನ್ನು ಕಂಡಿತು. ಅಲ್ಲಿ ಕಾಗದ ಇನ್ನೂ ಬೆಳ್ಳಗಿತ್ತು. ನೀಲಿ ಪೆನ್ನಿನಲ್ಲಿ ಮೆಷಿನ್ನಿನ ನಂಬರು, ಕೆಳಗೆ ‘ವಾರಂಟಿ ಮೂರು ವರ್ಷ, ಬಿಲ್ಲು ಜೋಪಾನ’, ಅದರ ಕೆಳಗೆ ಉದ್ದ ಬಾಲದ ಸಹಿ. ಆ ಬಾಲ ಗುಮಾಸ್ತನದೇ. ಮೆಷಿನ್ ಮಾರಿದ ದಿನದ ನೂಕುನುಗ್ಗಲಿನಲ್ಲಿ ಅದನ್ನು ಕಂಪ್ಯೂಟರಿಗೆ ಸೇರಿಸದೆ ಬಿಟ್ಟವನೂ ಅವನೇ.

ಬಾಯಿಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಮ್ಯಾನೇಜರು ಕೂಗಿದರು: “ಇನ್ನೂ ಮುಗೀಲಿಲ್ವೇನ್ರೀ? ವಾರಂಟಿ ಇಲ್ಲ ಅಂತ ಹೇಳಿ ಕಳ್ಸಿ!”

ಗುಮಾಸ್ತ ಎದ್ದು ನಿಂತ. “ಇದೆ ಸಾರ್. ಬರ್ಕೊಟ್ಟಿದ್ದೂ ನಾನೇ, ಕಂಪ್ಯೂಟರಿಗೆ ಹಾಕೋದು ಮರ್ತಿದ್ದೂ ನಾನೇ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅವನು ರಿಪೇರಿಯವನಿಗೆ ಫೋನು ಹಚ್ಚುತ್ತಲೇ ಆಕೆಯತ್ತ ಬಾಗಿದ.

“ಅಕ್ಕ, ಇವತ್ತು ಬಟ್ಟೆ ನೆನೆಹಾಕ್ಬೇಡಿ.”