ನೋವಿಲ್ಲದ ಕಾಲಿನ ಮೊಕದ್ದಮೆ

ವಿಚಾರಣೆಗೆ ಮುಂಚೆ ಅರ್ಜಿದಾರರ ಕಾಲಿಗೊಂದು, ನ್ಯಾಯಾಧೀಶರ ಕಾಲಿಗೊಂದು ಪಟ್ಟಿ ಕಟ್ಟುವುದು ಕೋರ್ಟಿನ ಜವಾನನಾದ ನನ್ನ ಕೆಲಸ. ಕಟ್ಟಿದ ಮೇಲೆ ಅರ್ಜಿದಾರರ ಕಾಲಿಗೆ ಆಗುವ ಅನುಭವವೇ ನ್ಯಾಯಾಧೀಶರ ಕಾಲಿಗೂ. ನಮ್ಮ ನ್ಯಾಯಾಧೀಶರಾದ ಹೊಸಮನಿ ಮೇಡಂ ಹೀಗೆ ಎಷ್ಟೋ ಜನರ ನೋವನ್ನು ಹಲ್ಲು ಕಚ್ಚಿಕೊಂಡು ನುಂಗಿದವರು.

ಅಂದು ಬಂದವರು ಹೊಲಿಗೆ ಮಷಿನ್ ತುಳಿದು ಬದುಕುವ ಹಾಲವ್ವ. ಎಡಗಾಲಿನ ಆಣಿ ತೆಗೆಯಲು ಹೋದ ಪಾದದ ಡಾಕ್ಟರು ನರವನ್ನೇ ಕತ್ತರಿಸಿದ್ದರು.

ಇಬ್ಬರ ಎಡಗಾಲಿಗೂ ಪಟ್ಟಿ ಕಟ್ಟಿದೆ. ಮೇಡಂ ಮುಖ ಸ್ವಲ್ಪವೂ ಕದಲಲಿಲ್ಲ.

"ನೋವಿದೆಯಾ ಮೇಡಂ?" ಡಾಕ್ಟರ ಪರ ವಕೀಲರು ಕೇಳಿದರು.

"ಇಲ್ಲ."

"ಅಂದ್ಮೇಲೆ ಪರಿಹಾರ ಯಾತಕ್ಕೆ?" ವಕೀಲರು ನಕ್ಕರು. ಹಾಲವ್ವ ತಲೆ ತಗ್ಗಿಸಿದರು.

ಬೇರೆಯವರಾಗಿದ್ದರೆ ಕೇಸು ಅಲ್ಲಿಗೇ ಮುಗಿಯುತ್ತಿತ್ತು. ಮೇಡಂ ಮಾತ್ರ, "ಪಟ್ಟಿ ಬಿಚ್ಚಬೇಡಪ್ಪ, ಊಟ ಮಾಡ್ಕೊಂಡು ಬರ್ತೀನಿ," ಎಂದು ಎದ್ದು ಹೋದರು.

ವಾಪಸ್ ಬಂದು ಪೀಠದ ಮೆಟ್ಟಿಲು ಹತ್ತುವಾಗ ಹಾಲವ್ವ ಕೂಗಿಕೊಂಡರು: "ಮೇಡಮ್ಮಾರೇ, ಎಡಗಾಲ ಚಪ್ಪಲಿ ಎಲ್ಲೋ ಬಿದ್ದೈತ್ರಿ! ನನಗೂ ದಿನಾ ಹಿಂಗೇ ಆಕ್ಕತಿ, ಗೊತ್ತೇ ಆಗಂಗಿಲ್ಲ."

ಮೇಡಂ ಬಗ್ಗಿ ನೋಡಿಕೊಂಡರು. ಪಾದ ಬರಿದಾಗಿತ್ತು. ನಾನು ಓಡಿಹೋಗಿ, ಕೈ ತೊಳೆಯುವ ನಲ್ಲಿಯ ಬಳಿ ಬಿದ್ದಿದ್ದ ಚಪ್ಪಲಿ ತಂದು ಅವರ ಕಾಲ ಬುಡದಲ್ಲಿಟ್ಟೆ.

"ಅಲ್ಲಲ್ಲಪ್ಪ," ಎಂದರು ಮೇಡಂ. "ಮೇಜಿನ ಮೇಲಿಡು, ವಕೀಲರಿಗೆ ಚೆನ್ನಾಗಿ ಕಾಣೋ ಹಾಗೆ. ಇವತ್ತಿನ ಸಾಕ್ಷಿ ಅದೇ."