ಏಳನೇ ನಂಬರ್ ಕೋಣೆಯ ಕಡೇ ಚೀಟಿ

ಸ್ವಲ್ಪ ಉದ್ದ ಇದೆ... ಚಹಾ ಆರಿದರೂ ಪರವಾಗಿಲ್ಲ, ಓದಿ.

ಜಿಲ್ಲಾ ಕೇಂದ್ರದಿಂದ ನೂರಹತ್ತು ಕಿಲೋಮೀಟರ್ ದೂರ, ನದಿಯಾಚೆಗೆ ಒಂದು ಸಣ್ಣ ಊರು.

ಅಲ್ಲಿ ಹಲ್ಲಿನ ಡಾಕ್ಟರ್ ಇದ್ದಾರೆ. ಕಣ್ಣಿನ ಡಾಕ್ಟರ್ ವಾರಕ್ಕೊಮ್ಮೆ ಬರುತ್ತಾರೆ. ಮನಸ್ಸಿನ ಡಾಕ್ಟರ್ ಮಾತ್ರ ತಿಂಗಳಿಗೆ ಒಂದೇ ದಿನ...

ಎರಡನೇ ಮಂಗಳವಾರ, ಸರ್ಕಾರಿ ಆಸ್ಪತ್ರೆಯ ಏಳನೇ ನಂಬರ್ ಕೋಣೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ. ಆಮೇಲೆ ಅವರ ಜೀಪು ಮುಂದಿನ ಊರಿಗೆ ಹೊರಟುಬಿಡುತ್ತದೆ.

ಆ ಕೋಣೆಗೆ ಜನರನ್ನು ಒಪ್ಪಿಸಿ ಕರೆತರುವವಳು ಆಶಾ ಕಾರ್ಯಕರ್ತೆ ಕಸ್ತೂರಿ. ಹದಿಮೂರು ವರ್ಷದ ಸರ್ವೀಸು.

"ಇದೂ ಒಂದು ಬ್ಯಾನೀನ ರೀ, ಜ್ವರ ಬಂದಂಗ. ನಾಚಗೋಬ್ಯಾಡ್ರಿ, ನಾ ಸಂಗಾಟ ಇರ್ತೀನಿ" ಎಂದು ಮನೆಮನೆಗೆ ಹೋಗಿ ಧೈರ್ಯ ಹೇಳುತ್ತಿದ್ದಳು.

ಆದರೆ ಎಂಟು ತಿಂಗಳಿಂದ ಅವಳಿಗೇ ಏನೋ ಆಗಿತ್ತು...

ಒಬ್ಬ ಬಸುರಿಯನ್ನು ಆಂಬುಲೆನ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಕರೆದೊಯ್ಯುವಾಗ, ಅರ್ಧ ದಾರಿಯಲ್ಲೇ ಆ ಹುಡುಗಿ ಕಸ್ತೂರಿಯ ಕೈ ಹಿಡಿದುಕೊಂಡು ಕೊನೆಯುಸಿರೆಳೆದಿದ್ದಳು. ನಿನ್ನ ತಪ್ಪೇನೂ ಇಲ್ಲ ಎಂದು ಎಲ್ಲರೂ ಹೇಳಿದರು.

ಅಂದಿನಿಂದ ಫೋನ್ ರಿಂಗಾದರೆ ಸಾಕು, ಎದೆ ಡವಡವ... ಅಂಗೈಯಲ್ಲಿ ಬೆವರು... ಉಸಿರು ಗಂಟಲಲ್ಲೇ ಸಿಕ್ಕಿಕೊಂಡಂತೆ.

ಬಸುರಿಯರ ಮನೆಯ ಬಾಗಿಲವರೆಗೆ ಹೋಗಿ ಹಿಂದಿರುಗುತ್ತಿದ್ದಳು. ಅನ್ನ ಸೇರುತ್ತಿರಲಿಲ್ಲ. ಕಾಲುವೆಯ ಸೇತುವೆ ದಾಟುವಾಗ ಕೆಳಗೆ ನೋಡುತ್ತಿರಲಿಲ್ಲ... ಅವಳಿಗೆ ತನ್ನ ಮೇಲೆ ತನಗೇ ಭಯ.

ಗಂಡ ಕೇಳಿದರೆ "ಬಿಸಲಿಗೆ ಸುಸ್ತಾಗೇತ್ರಿ" ಅನ್ನುತ್ತಿದ್ದಳು.

ಪ್ರತಿ ತಿಂಗಳು ಏಳನೇ ನಂಬರ್ ಕೋಣೆಯ ಮುಂದೆ ನಾಲ್ಕು ತಾಸು ಕೂರುತ್ತಿದ್ದಳು. ಬಾಗಿಲು ನಾಲ್ಕೇ ಹೆಜ್ಜೆ. ಒಳಗೆ ಹೋಗಲು ಮಾತ್ರ ಆಗುತ್ತಿರಲಿಲ್ಲ.

ಸಣ್ಣ ಊರು ನೋಡಿ... ಚೀಟಿ ಬರೆಯುವವನು ಅವಳದೇ ಓಣಿಯವನು. ಗುಳಿಗೆ ಕೊಡುವವಳು ನಾದಿನಿಯ ಗೆಳತಿ.

"ಆಶಾನ ತಲೀನ ಕೆಟ್ಟೈತಂತ" ಅನ್ನುವ ಮಾತು ಊರೆಲ್ಲ ಹಬ್ಬಲು ಅರ್ಧ ತಾಸು ಸಾಕು. ಆಮೇಲೆ ಯಾವ ತಾಯಿ ತನ್ನ ಕೂಸನ್ನು ಅವಳ ಕೈಗೆ ಕೊಟ್ಟಾಳು?

ಹೀಗೇ ಏಳು ಮಂಗಳವಾರ ಕಳೆದುಹೋದವು.

ಎಂಟನೆಯ ಸಲ ಅವಳ ಜೊತೆ ಬಂದವಳು ನಿಂಬೆವ್ವ. ಎಪ್ಪತ್ತು ದಾಟಿದ ಮುದುಕಿ. ಯಾರೂ ಇಲ್ಲದ ಕಡೆ ದನಿಗಳು ಕೇಳುತ್ತವೆಂದು ಬಾಗಿಲು ಹಾಕಿಕೊಂಡು ಕೂತಿದ್ದವಳನ್ನು, ಎರಡು ವರ್ಷದ ಹಿಂದೆ ಕಸ್ತೂರಿಯೇ ಕೈಹಿಡಿದು ಈ ಕೋಣೆಗೆ ಕರೆತಂದಿದ್ದಳು.

ಅಂದು ವಿಪರೀತ ಜನ. ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ ಸಿಸ್ಟರ್ ಹೊರಗೆ ಬಂದು ಕೂಗಿದರು, "ಕಡೀ ಚೀಟಿ, ನಿಂಬೆವ್ವ. ಆಮ್ಯಾಲೆ ಡಾಕ್ಟರ್ ಹೊಂಡ್ತಾರ."

ಅಷ್ಟರಲ್ಲಿ ಕಸ್ತೂರಿಯ ಫೋನ್ ರಿಂಗಾಯಿತು... ತಿಂಗಳು ತುಂಬಿದ ಬಸುರಿಯ ಮನೆಯಿಂದ.

ಫೋನ್ ಕೈಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳಿಗೆ ಏಳಲಾಗಲಿಲ್ಲ. ಉಸಿರು ಬರುತ್ತಿಲ್ಲ... ದನಿ ಹೊರಗೆ ಕೇಳಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸಿಸ್ಟರೇ ಫೋನ್ ಎತ್ತಿ ಮಾತಾಡಿದರು. "ಏನಿಲ್ಲ ಕಸ್ತೂರಕ್ಕ, ತಾಯಿ ಕಾರ್ಡ್ ನಿಮ್ಮ ಹಂತ್ಯಾಕ ಐತೇನು ಅಂತ ಕೇಳಾಕ ಮಾಡ್ಯಾರ."

ಆದರೂ ಕಸ್ತೂರಿಗೆ ನೆಲದಿಂದ ಏಳಲಾಗಲಿಲ್ಲ.

ನಿಂಬೆವ್ವ ಮೆಲ್ಲಗೆ ಅವಳ ಪಕ್ಕ ನೆಲದ ಮೇಲೆಯೇ ಕೂತಳು.

"ಭಾಳ ದಿನದಿಂದ ನೋಡಾಕತ್ತೀನಿ. ನಿನಗ ಆರಾಮಿಲ್ಲ, ಮಗಳ."

"ಏನಿಲ್ಲ ಆಯಿ... ಬಿಸಲಿಗೆ..."

"ನಾನೂ ಹಂಗ ಅಂತಿದ್ದೆ."

"ಕೈ ಮುಗೀತೀನಿ ಆಯಿ, ಸುಮ್ಮನಿರು. ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡು."

ಮುದುಕಿ ಗೋಡೆ ಹಿಡಿದು ಎದ್ದಳು. "ಸಿಸ್ಟರವ್ವಾ, ನನ್ನ ಪಾಳಿ ಈಕಿಗೆ ಕೊಡು. ಕಸ್ತೂರಿ ಅಂತ ಬರಕೋ."

"ಆಯಿ, ಇವತ್ತು ಬಿಟ್ರ ಇನ್ನ ಒಂದು ತಿಂಗಳು ಡಾಕ್ಟರ್ ಸಿಗೂದಿಲ್ಲ. ನಿನಗ ಮತ್ತ ದನಿ ಸುರು ಆದ್ರ?"

ಆ ದನಿಗಳಿಗೆ ನಿಂಬೆವ್ವನಷ್ಟು ಹೆದರುವವರು ಬೇರೆ ಯಾರೂ ಇರಲಿಲ್ಲ.

"ಹಳೇ ಗುಳಿಗೀನ ಕೊಡ್ರಿ, ನುಂಗ್ತೀನಿ. ದನಿ ಬಂದ್ರ ಈಕಿನ್ನ ಕರೀತೀನಿ... ಈಕೀನ ಇಲ್ಲಂದ್ರ ನಾ ಯಾರನ್ನ ಕರೀಲವ್ವಾ?"

ಕಸ್ತೂರಿ ಎಂಟು ತಿಂಗಳಲ್ಲಿ ಮೊದಲ ಬಾರಿ ಅತ್ತಳು. ಎಲ್ಲರ ಎದುರಿಗೇ... ಬಿಕ್ಕಿಬಿಕ್ಕಿ.

ನಿಂಬೆವ್ವ ಅವಳ ರಟ್ಟೆ ಹಿಡಿದು ಬಾಗಿಲು ದಾಟಿಸಿದಳು.

ಅಂದು ಜೀಪು ಹೊರಟಿದ್ದು ಮೂರು ಗಂಟೆಗೆ. ಕಸ್ತೂರಿ ಸೇತುವೆಯ ಮಾತನ್ನೂ ಮುಚ್ಚಿಡಲಿಲ್ಲ. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು.

"ಇದಕ್ಕೆ ಚಿಕಿತ್ಸೆ ಇದೆ ಕಸ್ತೂರಿಯವರೇ. ಒಂದೇ ದಿನಕ್ಕೆ ಹೋಗಲ್ಲ, ಆದರೆ ವಾಸಿಯಾಗುತ್ತೆ. ನಡುವೆ ಭಯ ಜಾಸ್ತಿಯಾದರೆ ಈ ನಂಬರಿಗೆ ಫೋನ್ ಮಾಡಿ. ಮನೆಯಲ್ಲಿ ಒಬ್ಬರಿಗಾದರೂ ಇವತ್ತೇ ಹೇಳಿ."

ಹೊರಡುವ ಮುನ್ನ ಅವರು ಬೆಂಚಿನ ಹತ್ತಿರ ಬಂದು, ನಿಂತೇ ನಿಂಬೆವ್ವನನ್ನೂ ವಿಚಾರಿಸಿ ಗುಳಿಗೆ ಬರೆದುಕೊಟ್ಟರು.

ಆ ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು "ನನಗ ಯಾಕ ಹೇಳಲಿಲ್ಲ?" ಅಂದ. ಬೈಗುಳವಿರಲಿಲ್ಲ ಆ ದನಿಯಲ್ಲಿ.

ಊರಿಗೂ ಸುದ್ದಿ ಹಬ್ಬಿತು. ಎರಡು ಮನೆಯವರು ಅವಳನ್ನು ಕಂಡು ಬಾಗಿಲು ಎಳೆದುಕೊಂಡರು. ಅವಳು ಹೆದರಿದ್ದು ಸುಳ್ಳೇನೂ ಆಗಿರಲಿಲ್ಲ.

ಮುಂದಿನ ತಿಂಗಳು ತನ್ನ ಹೆಸರಿನಲ್ಲೇ ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತಳು.

ಗೇಟಿನ ಹತ್ತಿರ ಹೈಸ್ಕೂಲಿನ ಟೀಚರೊಬ್ಬರು ಎರಡು ಸಲ ಬಂದು ಎರಡು ಸಲವೂ ಹಿಂದಿರುಗಿದರು. ಮೂರನೇ ಸಲ ಒಳಗೆ ಬಂದು ಕಸ್ತೂರಿಯ ಪಕ್ಕ ಕೂತರು.

"ನೀವೂ ತೋರಸಾಕ ಬಂದೀರೇನ್ರಿ, ಕಸ್ತೂರಕ್ಕ?"

"ಹೌದ್ರಿ, ಟೀಚರ್."

ಟೀಚರ್ ಸೆರಗಿನ ತುದಿ ಹಿಂಡುತ್ತ, ಕೇಳಿಸಿಯೂ ಕೇಳಿಸದಂತೆ ಅಂದರು... "ಹಂಗಾದ್ರ ನನಗೂ ಒಂದು ಚೀಟಿ ಮಾಡಿಸಿ ಕೊಡ್ರಿ."

*

ಡಾಕ್ಟರು ನೂರು ಕಿಲೋಮೀಟರ್ ದಾಟಿ ಬರಬಹುದು... ಕೊನೆಯ ನಾಲ್ಕು ಹೆಜ್ಜೆ ದಾಟಿಸಲು ಮಾತ್ರ ನಮ್ಮವರೇ ಯಾರಾದರೂ ಬೇಕು.

ಊರನ್ನೆಲ್ಲ ವಿಚಾರಿಸಿಕೊಳ್ಳುವ ಒಬ್ಬರು ನಿಮ್ಮ ಸುತ್ತಮುತ್ತಲೂ ಇದ್ದಾರಲ್ಲ... ಅವರನ್ನು "ನೀವು ಆರಾಮಿದ್ದೀರಾ?" ಎಂದು ನೀವು ಕೊನೆಯ ಸಲ ಕೇಳಿದ್ದು ಯಾವಾಗ?